ಅಜೆಂಡಾ ಇಲ್ಲದ ಸಭೆಗೂ ಗೋಡೆ ಬೇಕು, ಗಂಟೆ ಬೇಕು

ಈ ಸಲದ ಪ್ರಶ್ನೋತ್ತರ ಪೂರ್ತಿ ಒಂದೇ ವಿಷಯದ್ದು: ಬಂದವರೇ ವಿಷಯ ಹಾಕಿ, ಬಂದವರೇ ನಡೆಸುವ ಸಭೆ. ಓಪನ್ ಸ್ಪೇಸ್, ಅನ್‌ಕಾನ್ಫರೆನ್ಸ್, ಬಾರ್‌ಕ್ಯಾಂಪ್, ಲೀನ್ ಕಾಫಿ ಎಂದು ಇದಕ್ಕೆ ನಾನಾ ಹೆಸರು. ಒಂದೇ ತರಹದ ಪತ್ರಗಳನ್ನು ಸೇರಿಸಿದ್ದೇವೆ, ಉದ್ದದವನ್ನು ಮೊಟಕು ಮಾಡಿದ್ದೇವೆ.

ಪ್ರಶ್ನೆ: ನಮ್ಮ ತಾಲ್ಲೂಕಿನ ಪ್ರೌಢಶಾಲೆಗಳ ವಿಜ್ಞಾನ ಶಿಕ್ಷಕರು ನಲವತ್ತು ಜನ ಒಂದು ಭಾನುವಾರ ಸೇರಬೇಕೆಂದಿದ್ದೇವೆ. ಅತಿಥಿ ಉಪನ್ಯಾಸ ಕೇಳಿ ಕೇಳಿ ಸಾಕಾಗಿದೆ. ವಿಷಯ ಮೊದಲೇ ಗೊತ್ತು ಮಾಡದೆ ಇಡೀ ದಿನ ನಡೆಸುವುದು ಹೇಗೆ? ಗದ್ದಲವಾಗುವುದಿಲ್ಲವೇ?
— ಶಿಕ್ಷಕಿ, ಹಾಸನ ಜಿಲ್ಲೆ

ಉತ್ತರ: ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಕೂರಬೇಕು ಅನ್ನುವುದು ತಿಳಿಯದೆ ಹೋದರೆ ಗದ್ದಲ. ಅದು ತಿಳಿದಿದ್ದರೆ ವಿಷಯ ಬೆಳಿಗ್ಗೆ ಹತ್ತಕ್ಕೆ ಗೊತ್ತಾದರೂ ಏನೂ ತೊಂದರೆಯಿಲ್ಲ. ಆದ್ದರಿಂದ ವಿಷಯದ ಪಟ್ಟಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನೀವು ಮೊದಲೇ ಸಿದ್ಧ ಮಾಡಿರಬೇಕು. ಮಾಮೂಲಿ ಕಾರ್ಯಾಗಾರಕ್ಕಿಂತ ಇದಕ್ಕೆ ತಯಾರಿ ಹೆಚ್ಚು. ಕಡಿಮೆ ಅಂತ ತಿಳಿದು ಇಳಿದವರೇ ಕೆಡಿಸಿಕೊಳ್ಳುವುದು.

ಮೊದಲು ಆಮಂತ್ರಣ. ಅದರಲ್ಲಿ ಒಂದು ಪ್ರಶ್ನೆ ಇರಲಿ. ‘ವಿಜ್ಞಾನ ಬೋಧನೆ: ಸವಾಲುಗಳು ಮತ್ತು ಅವಕಾಶಗಳು’ ಎಂದು ಬರೆದರೆ ಜನ ಬ್ಯಾಡ್ಜು, ಬ್ಯಾಗು ನೆನಸಿಕೊಂಡು ಬರುತ್ತಾರೆ. ‘ಪ್ರಯೋಗಾಲಯವಿಲ್ಲದ ಶಾಲೆಯಲ್ಲಿ 8ರಿಂದ 10ನೇ ತರಗತಿಗೆ ಪ್ರಯೋಗ ಮಾಡಿಸುವುದು ಹೇಗೆ?’ ಎಂದು ಬರೆಯಿರಿ. ಅದನ್ನು ಓದುವಾಗಲೇ ನಾಲ್ಕು ಜನರ ತಲೆಯಲ್ಲಿ ಒಂದೊಂದು ವಿಷಯ ಎದ್ದಿರುತ್ತದೆ. ಬರುವುದು ಕಡ್ಡಾಯವಲ್ಲ ಎಂದೂ ಅದರಲ್ಲೇ ಇರಲಿ. ಹಾಜರಿ ಪುಸ್ತಕಕ್ಕೆ ಬೆಳಿಗ್ಗೆ ಒಂದು ಸಹಿ ಸಾಕು. ಸಂಜೆಯದೂ ಬೇಕು ಎಂದರೆ ಸಹಿಗಾಗಿ ಕೂತವರು ನಿಮಗೆ ಸಿಗುತ್ತಾರೆ.

ಜಾಗ: ಎಲ್ಲರೂ ದುಂಡಗೆ ಕೂರುವಂಥ ಒಂದು ದೊಡ್ಡ ಕೋಣೆ, ಜೊತೆಗೆ ಸಣ್ಣ ಗುಂಪುಗಳಿಗೆ ನಾಲ್ಕು ಜಾಗ. ಹತ್ತು ಜನರಿಗೊಂದು ಜಾಗ ಎಂಬ ಲೆಕ್ಕ ಹಿಡಿಯಿರಿ. ಕುರ್ಚಿಯೊಂದಕ್ಕೆ ಎರಡು ಅಡಿಯಂತೆ ನಲವತ್ತಕ್ಕೆ 80 ಅಡಿ, ಓಡಾಡಲು ಮೂರು ಮೂರು ಅಡಿಯ ನಾಲ್ಕು ಸಂದು. ಒಟ್ಟು 92 ಅಡಿ ಸುತ್ತಳತೆ. ಅಂದರೆ ವೃತ್ತದ ಅಡ್ಡಗಲವೇ ಸುಮಾರು 29 ಅಡಿ. ಗೋಡೆ ಕಡೆಗೆ ಓಡಾಡಲು ಜಾಗ ಬಿಟ್ಟರೆ 35 ಅಡಿ ಬೇಕು. ಶಾಲೆಯ ಕೋಣೆ ಅಷ್ಟಿರದಿದ್ದರೆ ಒಳಗೆ 14, ಹೊರಗೆ 26 ಕುರ್ಚಿಯ ಎರಡು ಸುತ್ತು ಹಾಕಿ, 25 ಅಡಿಯಲ್ಲಿ ಮುಗಿಯುತ್ತದೆ. ಸಾಲಾಗಿ ಮಾತ್ರ ಹಾಕಬೇಡಿ, ವೇದಿಕೆ ಬೇಡ, ಮೇಜೂ ಬೇಡ. ಮುಂದೆ ಮೇಜು ಬಂತೆಂದರೆ ಅದರ ಹಿಂದೆ ಮುಖ್ಯ ಅತಿಥಿ ಬಂದ ಹಾಗೆಯೇ.

ಸಾಮಾನು: ಎ4 ಹಾಳೆ ಐವತ್ತು, ದಪ್ಪ ತುದಿಯ ಮಾರ್ಕರ್ ಹತ್ತು (ಕಪ್ಪು, ನೀಲಿ ಮಾತ್ರ, ಕೆಂಪು, ಹಸಿರು ದೂರಕ್ಕೆ ಮಂಕು), ಬಿಳಿ ಡ್ರಾಯಿಂಗ್ ಶೀಟ್ ಆರು, ಮಾಸ್ಕಿಂಗ್ ಟೇಪ್ ಎರಡು ಸುತ್ತು, ಮೂರಿಂಚಿನ ಅಂಟುಚೀಟಿಯ ಕಟ್ಟು ಎರಡು, ಒಂದು ಕೈಗಂಟೆ. ಬಾಲ್ ಪೆನ್ನನ್ನು ಬಚ್ಚಿಡಿ. ಅದರಲ್ಲಿ ಬರೆದ ವಿಷಯ ಮೂರಡಿ ಆಚೆ ಕಾಣುವುದಿಲ್ಲ, ಕಾಣದ ವಿಷಯಕ್ಕೆ ಜನ ಬರುವುದಿಲ್ಲ.

ಈಗ ಗೋಡೆ. ಡ್ರಾಯಿಂಗ್ ಶೀಟ್ ಜೋಡಿಸಿ ಚೌಕ ಎಳೆಯಿರಿ: ಅಡ್ಡಕ್ಕೆ ಮೂರು ಹೊತ್ತು, ಉದ್ದಕ್ಕೆ ನಾಲ್ಕು ಜಾಗ. ಒಟ್ಟು ಹನ್ನೆರಡು ಮನೆ. ಜಾಗಗಳಿಗೆ ಎ, ಬಿ, ಸಿ ಎನ್ನುವುದಕ್ಕಿಂತ ‘ಬೇವಿನ ಮರ’, ‘ವರಾಂಡ’, ‘ಲೈಬ್ರರಿ’, ‘9ನೇ ತರಗತಿ’ ಎಂದೇ ಬರೆಯಿರಿ, ಹುಡುಕಾಟ ತಪ್ಪುತ್ತದೆ. ಪ್ರತಿ ಮನೆಗೂ ಒಂದು ಅಂಟುಚೀಟಿ. ಅದರ ಮೇಲೆ ‘10.50, ಬೇವಿನ ಮರ’ ಎಂಬ ಹಾಗೆ ಹೊತ್ತು ಮತ್ತು ಜಾಗ. ಇದು ಬಸ್ಸಿನ ಟಿಕೆಟ್ ಇದ್ದಂತೆ. ವಿಷಯ ಹೇಳುವವರು ವೃತ್ತದ ನಡುವೆ ಬಂದು ಹಾಳೆಯಲ್ಲಿ ವಿಷಯ, ಕೆಳಗೆ ತಮ್ಮ ಹೆಸರು ಬರೆಯುತ್ತಾರೆ, ಎದ್ದು ನಿಂತು ಒಂದೇ ವಾಕ್ಯದಲ್ಲಿ ಓದುತ್ತಾರೆ: ‘ಸೂಕ್ಷ್ಮದರ್ಶಕ ಇಲ್ಲದೆ ಈರುಳ್ಳಿ ಸಿಪ್ಪೆಯ ಕೋಶ ತೋರಿಸುವುದು ಹೇಗೆ?’ ಆಮೇಲೆ ಗೋಡೆಯ ಹತ್ತಿರ ಹೋಗಿ ಬೇಕಾದ ಟಿಕೆಟ್ ಕಿತ್ತು ತಮ್ಮ ಹಾಳೆಯ ಮೂಲೆಗೆ ಅಂಟಿಸಿ, ಹಾಳೆಯನ್ನು ಆ ಮನೆಗೆ ಹಚ್ಚುತ್ತಾರೆ. ಒಂದು ಟಿಕೆಟ್ ಹೋಯಿತೆಂದರೆ ಆ ಜಾಗ, ಆ ಹೊತ್ತು ಮುಗಿಯಿತು. ಎರಡು ಗುಂಪು ಒಂದೇ ಮರದಡಿ ಜಗಳಕ್ಕೆ ನಿಲ್ಲುವ ಪ್ರಸಂಗ ಬರುವುದಿಲ್ಲ. ವಿವರಣೆ ಕೊಡಲು ಯಾರಾದರೂ ಶುರು ಮಾಡಿದರೆ ‘ಅದನ್ನು ಬೇವಿನ ಮರದ ಕೆಳಗೆ ಹೇಳಿ’ ಎಂದು ನಗುತ್ತ ಕಳಿಸಿ. ಇಲ್ಲಿ ಸಡಿಲ ಬಿಟ್ಟರೆ ಬೆಳಗಿನ ಹೊತ್ತು ಪೂರ್ತಿ ಅಲ್ಲೇ ಹೋಗುತ್ತದೆ.

ಹೊತ್ತಿನ ಲೆಕ್ಕ ಹೀಗೆ ಇಟ್ಟುಕೊಳ್ಳಿ. 9.30ಕ್ಕೆ ವೃತ್ತ, ಸ್ವಾಗತ ಐದು ನಿಮಿಷ, ವಿಧಾನ ಹೇಳಲು ಹದಿನೈದು, ವಿಷಯ ಬರಲು ಅರ್ಧ ಗಂಟೆ, ಗೋಡೆಯ ಮುಂದೆ ನಿಂತು ಆಯ್ದುಕೊಳ್ಳಲು ಇಪ್ಪತ್ತು. 10.50ರಿಂದ 11.40 ಮೊದಲ ಸುತ್ತು, 11.50ರಿಂದ 12.40 ಎರಡನೆಯದು, ಊಟ, 1.40ರಿಂದ 2.30 ಮೂರನೆಯದು. ಮುಂದೆ ಏನು ಮಾಡೋಣ ಎಂಬುದಕ್ಕೆ 2.40ರಿಂದ 3.20. ಕೊನೆಗೆ ಮತ್ತೆ ವೃತ್ತ: ಒಬ್ಬರಿಗೆ ಮುಕ್ಕಾಲು ನಿಮಿಷದಂತೆ ನಲವತ್ತು ಜನಕ್ಕೆ ಅರ್ಧ ಗಂಟೆ. ಸುತ್ತುಗಳ ನಡುವಿನ ಹತ್ತು ನಿಮಿಷವನ್ನು ಯಾರು ಎಷ್ಟು ಕೇಳಿದರೂ ಬಿಟ್ಟುಕೊಡಬೇಡಿ. ಗುಂಪು ಬದಲಾಗುವುದು, ನೀರು ಕುಡಿಯುವುದು, ಬಾಕಿ ಉಳಿದ ಮಾತು ಮುಗಿಯುವುದು ಅಲ್ಲೇ. ಕಾಫಿ, ಟೀ ಫ್ಲಾಸ್ಕು ಬೆಳಿಗ್ಗೆಯಿಂದಲೂ ಒಂದು ಮೂಲೆಯಲ್ಲಿರಲಿ, ‘ಟೀ ಬ್ರೇಕ್’ ಎಂದು ಬೇರೆ ಬೇಡ. ಊಟ ಬಫೆ ಇರಲಿ. ಎಲೆ ಹಾಕಿ ಪಂಕ್ತಿಯಲ್ಲಿ ಬಡಿಸಿದರೆ ಒಂದು ಗಂಟೆ ಸಾಲುವುದಿಲ್ಲ, ಪಾಯಸ ಬಿದ್ದರಂತೂ ಮೂರನೇ ಸುತ್ತಿಗೆ ಅರ್ಧ ಜನ ತೂಕಡಿಸುತ್ತಾರೆ.

ಒಂದು ತಪ್ಪು ಬಹಳ ಕಡೆ ಆಗುತ್ತದೆ. ಗೋಡೆ ತುಂಬಿದ ಮೇಲೆ ಸಂಘಟಕರು ಹೋಗಿ ‘ಈ ಎರಡೂ ಒಂದೇ ತರಹ ಇವೆ, ಸೇರಿಸೋಣ’ ಎನ್ನುತ್ತಾರೆ. ಈರುಳ್ಳಿ ಸಿಪ್ಪೆಯೂ ಎಲೆಯ ಪತ್ರರಂಧ್ರವೂ ಸೇರಿ ‘ಜೀವಶಾಸ್ತ್ರ ಪ್ರಯೋಗಗಳು’ ಆಗುತ್ತದೆ. ಎಂಟೆಂಟು ಜನರ ಎರಡು ಚುರುಕು ಗುಂಪು ಹೋಗಿ ಹದಿನಾರು ಜನರ ಒಂದು ಸಪ್ಪೆ ಗುಂಪು ಉಳಿಯುತ್ತದೆ. ಸೇರಿಸಬೇಕೋ ಬೇಡವೋ ಎಂಬುದನ್ನು ವಿಷಯ ಹಾಕಿದ ಇಬ್ಬರೇ ಮಾತಾಡಿಕೊಳ್ಳಲಿ. ನೀವು ಗಂಟೆ ಹೊಡೆಯಿರಿ, ಲೋಟ ಎತ್ತಿಡಿ, ಸುಮ್ಮನಿರಿ.

ಪ್ರಶ್ನೆ: ಅರಳಿಕಟ್ಟೆಯ ಹರಟೆಗೇ ಇಂಗ್ಲಿಷ್ ಹೆಸರಿಟ್ಟು ಮಾರುತ್ತಿದ್ದಾರೆ ಅನಿಸುತ್ತದೆ. ಇದರಲ್ಲಿ ಹೊಸದೇನಿದೆ?
— ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಉತ್ತರ: ನಿಮ್ಮ ಅನುಮಾನದಲ್ಲಿ ಅರ್ಧ ನಿಜ. ಓಪನ್ ಸ್ಪೇಸ್ ವಿಧಾನ ರೂಪಿಸಿದ ಅಮೆರಿಕದ ಹ್ಯಾರಿಸನ್ ಓವನ್ ಅವರೇ ಇದು ತಮ್ಮ ಸ್ವಂತದ್ದೆಂದು ಹೇಳಿಕೊಂಡಿಲ್ಲ. 1983ರಲ್ಲಿ ಅವರು ಒಂದು ವರ್ಷ ಪೂರ್ತಿ ದುಡಿದು ಒಂದು ಅಂತರರಾಷ್ಟ್ರೀಯ ಸಮ್ಮೇಳನ ಏರ್ಪಡಿಸಿದರು. ಕೊನೆಗೆ ಜನ ಮೆಚ್ಚಿದ್ದು ಕಾಫಿ ವಿರಾಮಗಳನ್ನು. ಅವರು ಯೋಜಿಸದೆ ಬಿಟ್ಟಿದ್ದು ಅದೊಂದನ್ನೇ. ಅದೇ ಸರಣಿಯ ಮೂರನೇ ಸಮ್ಮೇಳನವನ್ನು 1985ರಲ್ಲಿ ವೃತ್ತ, ಗೋಡೆ, ಎರಡೇ ಇಟ್ಟುಕೊಂಡು ನಡೆಸಿದರು. ಪಶ್ಚಿಮ ಆಫ್ರಿಕಾದ ಲೈಬೀರಿಯಾದ ಬಲಾಮಾ ಎಂಬ ಹಳ್ಳಿಯಲ್ಲಿ ನಾಲ್ಕು ದಿನದ ಆಚರಣೆಯೊಂದು ಯಾವ ಯೋಜನಾ ಸಮಿತಿಯೂ ಇಲ್ಲದೆ ಸಾಂಗವಾಗಿ ನಡೆದದ್ದನ್ನು ಹಿಂದೆ ನೋಡಿದ್ದೇ ಇದಕ್ಕೆ ದಾರಿ ತೋರಿಸಿತು ಎಂದು ಅವರು ಬರೆದಿದ್ದಾರೆ.

ಕಟ್ಟೆಗೂ ಇದಕ್ಕೂ ಇರುವ ವ್ಯತ್ಯಾಸ ಮೂರು. ಕಟ್ಟೆಯಲ್ಲಿ ಎಲ್ಲರೂ ಒಂದೇ ಮಾತು ಕೇಳಬೇಕು, ಇಲ್ಲಿ ನಾಲ್ಕು ಮಾತು ಒಟ್ಟಿಗೆ ನಡೆಯುತ್ತವೆ. ಕಟ್ಟೆಯಲ್ಲಿ ಗಟ್ಟಿ ದನಿಯವರ ವಿಷಯ ಗೆಲ್ಲುತ್ತದೆ, ಇಲ್ಲಿ ಸಣ್ಣ ದನಿಯವರ ಹಾಳೆಗೂ ಅಷ್ಟೇ ಗೋಡೆ. ಕಟ್ಟೆಯ ಮಾತನ್ನು ಯಾರೂ ಬರೆದಿಡುವುದಿಲ್ಲ. ಇನ್ನು ಕಟ್ಟೆಯ ಮೇಲೆ ಯಾರು ಕೂರಬಹುದಿತ್ತು, ಯಾರು ಕೂರುವಂತಿರಲಿಲ್ಲ ಎಂಬ ಪ್ರಶ್ನೆಯೂ ಇದೆಯಲ್ಲ.

ಬೆಂಗಳೂರಿನವರಿಗೆ ಇದರ ಪರಿಚಯವಾದದ್ದು ಹೆಚ್ಚಾಗಿ ಬಾರ್‌ಕ್ಯಾಂಪ್ ಮೂಲಕ. ತಂತ್ರಜ್ಞಾನ ಪುಸ್ತಕಗಳ ಪ್ರಕಾಶಕ ಟಿಮ್ ಓ’ರೈಲಿ ನಡೆಸುತ್ತಿದ್ದ ಫೂ ಕ್ಯಾಂಪ್ ಎಂಬ ಇಂಥದೇ ಸಭೆಗೆ ಕರೆ ಬಂದವರಿಗೆ ಮಾತ್ರ ಪ್ರವೇಶ. ಅದಕ್ಕೆ ಎದುರಾಗಿ, ಯಾರು ಬೇಕಾದರೂ ಬರಲಿ ಎಂದು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ 2005ರ ಆಗಸ್ಟ್‌ನಲ್ಲಿ ಮೊದಲ ಬಾರ್‌ಕ್ಯಾಂಪ್ ಆಯಿತು. ಮರುವರ್ಷವೇ, 2006ರಲ್ಲಿ, ಬೆಂಗಳೂರಿನಲ್ಲೂ ಶುರುವಾಯಿತು.

ಪ್ರಶ್ನೆ: ನಮ್ಮ ಓದುಗರ ಬಳಗದಲ್ಲಿ ಇದೇ ಕ್ರಮ ತಂದೆವು. ‘ಬೇಡವೆನಿಸಿದರೆ ಎದ್ದು ಇನ್ನೊಂದು ಗುಂಪಿಗೆ ಹೋಗಬಹುದು’ ಎಂದು ಹೇಳಿದರೂ ಒಬ್ಬರೂ ಏಳುವುದಿಲ್ಲ. ಹಿರಿಯರೊಬ್ಬರು ಇಪ್ಪತ್ತೈದು ನಿಮಿಷ ಮಾತಾಡಿದರು, ಎಲ್ಲರೂ ತಲೆಯಾಡಿಸುತ್ತ ಕೂತರು.
— ಗೃಹಿಣಿ, ಶಿವಮೊಗ್ಗ

ಉತ್ತರ: ನೀವು ಹೇಳುತ್ತಿರುವುದು ‘ಎರಡು ಕಾಲಿನ ನಿಯಮ’. ನಾನು ಕಲಿಯುತ್ತಲೂ ಇಲ್ಲ, ಕೊಡುತ್ತಲೂ ಇಲ್ಲ ಅನಿಸಿದ ಕಡೆಯಿಂದ ಎರಡು ಕಾಲು ಬಳಸಿ ಬೇರೆಡೆಗೆ ನಡೆಯಬೇಕು. ಇಡೀ ವಿಧಾನ ನಿಂತಿರುವುದೇ ಇದರ ಮೇಲೆ, ನಮ್ಮಲ್ಲಿ ಕುಸಿಯುವುದೂ ಇಲ್ಲೇ. ಹಿರಿಯರು ಮಾತಾಡುವಾಗ ಎದ್ದು ಹೋಗುವುದು ನಮಗೆ ಅಪಮಾನ ಮಾಡಿದ ಹಾಗೆ. ಬೆಳಿಗ್ಗೆ ಒಮ್ಮೆ ಹೇಳಿದ ಮಾತ್ರಕ್ಕೆ ಆ ಸಂಕೋಚ ಹೋಗದು.

ಏಳುವುದಕ್ಕೊಂದು ಮರ್ಯಾದೆಯ ರೀತಿಯನ್ನು ನೀವೇ ಮಾಡಿಕೊಡಿ. ಹೋಗುವವರು ಎದ್ದು, ಕೈಮುಗಿದು, ಏನೂ ಮಾತಾಡದೆ ಹೊರಡುವುದು. ಕೂತವರು ಪ್ರತಿಯಾಗಿ ಕೈಮುಗಿಯುವುದು. ‘ಎಲ್ಲಿಗೆ?’ ಎಂದು ಯಾರೂ ಕೇಳುವ ಹಾಗಿಲ್ಲ. ಇದನ್ನು ಶುರುವಿನಲ್ಲೇ ಇಬ್ಬರನ್ನು ನಿಲ್ಲಿಸಿ ಮಾಡಿ ತೋರಿಸಿ, ನಗು ಬರಲಿ. ಪ್ರತಿ ವಿಷಯದವರೂ ತಮ್ಮ ಗುಂಪಿನ ಮೊದಲ ಮಾತಾಗಿ ‘ಮಧ್ಯೆ ಎದ್ದು ಹೋದರೆ ನನಗೆ ಬೇಸರವಿಲ್ಲ’ ಎಂದೇ ಹೇಳಲಿ. ಸಂಘಟಕರಲ್ಲಿ ಒಬ್ಬರು ಮೊದಲ ಸುತ್ತಿನಲ್ಲಿ ಬೇಕೆಂದೇ ಗುಂಪಿನಿಂದ ಗುಂಪಿಗೆ ಓಡಾಡಲಿ. ಒಬ್ಬರು ಎದ್ದರೆ ಎರಡನೆಯವರಿಗೆ ಧೈರ್ಯ. ಹೀಗೆ ಅಲ್ಲಿಂದಿಲ್ಲಿಗೆ ಮಾತು ಹೊತ್ತೊಯ್ಯುವವರನ್ನು ಈ ವಿಧಾನದಲ್ಲಿ ದುಂಬಿ ಎನ್ನುತ್ತಾರೆ. ಯಾವ ಗುಂಪಿಗೂ ಸೇರದೆ ಕಾಫಿ ಮೂಲೆಯಲ್ಲಿ ನಿಂತವರು ಚಿಟ್ಟೆ. ಚಿಟ್ಟೆಗಳನ್ನು ಒಳಗೆ ಅಟ್ಟಬೇಡಿ. ಅವರಲ್ಲಿ ಇಬ್ಬರು ಕೂಡಿದರೆ ಅಲ್ಲೊಂದು ಮಾತು ಹುಟ್ಟುತ್ತದೆ.

ಜಮಖಾನೆ ಹಾಸಿ ಕೂರಿಸಿದ್ದರೆ ಅದನ್ನು ತೆಗೆಸಿ. ನೆಲದಿಂದ ಮಂಡಿಯೂರಿ ಏಳುವುದು ಎಲ್ಲರ ಕಣ್ಣಿಗೂ ಬೀಳುತ್ತದೆ; ಕುರ್ಚಿಯಿಂದ ಜಾರಿಕೊಳ್ಳುವುದು ಸುಲಭ. ಸಣ್ಣ ಗುಂಪಿಗೆ ಮೈಕಂತೂ ಕೊಡಲೇಬೇಡಿ. ಮೈಕ್ ಕೈಗೆ ಬಂದೊಡನೆ ‘ವೇದಿಕೆಯ ಮೇಲಿರುವ ಗಣ್ಯರೇ’ ತಾನಾಗಿ ಬಾಯಿಗೆ ಬರುತ್ತದೆ, ವೇದಿಕೆ ಇಲ್ಲದಿದ್ದರೂ.

ಇಷ್ಟಾದ ಮೇಲೂ ಆ ಹಿರಿಯರು ಮಾತಾಡುತ್ತಾರೆ ಎನ್ನುವುದಾದರೆ ಮೀನುತೊಟ್ಟಿ ಕ್ರಮ ಮಾಡಿ. ನಡುವೆ ಐದು ಕುರ್ಚಿ, ನಾಲ್ಕರಲ್ಲಿ ಜನ, ಒಂದು ಖಾಲಿ. ಮಿಕ್ಕವರು ಸುತ್ತ. ಒಳಗಿನವರು ಮಾತ್ರ ಮಾತಾಡಬೇಕು. ಹೊರಗಿನವರು ಯಾರಾದರೂ ಖಾಲಿ ಕುರ್ಚಿಗೆ ಬಂದು ಕೂತರೆ ಒಳಗಿದ್ದ ಒಬ್ಬರು ಎದ್ದು ಒಂದು ಕುರ್ಚಿ ಖಾಲಿ ಮಾಡಬೇಕು. ಮಾತು ನಿಲ್ಲಿಸಿ ಎಂದು ಹಿರಿಯರಿಗೆ ಯಾರೂ ಹೇಳಬೇಕಿಲ್ಲ, ಆ ಕುರ್ಚಿಯೇ ಹೇಳುತ್ತದೆ.

ಪ್ರಶ್ನೆ: ವಿಷಯ ಹೇಳಿ ಎಂದಾಗ ಯಾರೂ ಏಳದಿದ್ದರೆ?
— ಗ್ರಂಥಾಲಯದ ಸ್ವಯಂಸೇವಕರು, ಧಾರವಾಡ

ಉತ್ತರ: ಸುಮ್ಮನಿರಿ. ಎರಡು ನಿಮಿಷದ ಮೌನ ನಿಂತವರಿಗೆ ಇಪ್ಪತ್ತು ನಿಮಿಷದಂತೆ ಕಾಣುತ್ತದೆ, ಆದರೆ ಆ ಹೊತ್ತಿನಲ್ಲಿ ಕೂತವರು ‘ಏಳಲೋ ಬೇಡವೋ’ ಎಂದು ಲೆಕ್ಕ ಹಾಕುತ್ತಿರುತ್ತಾರೆ. ಅದನ್ನು ಮಾತಿನಿಂದ ತುಂಬಿದರೆ ಲೆಕ್ಕ ತಪ್ಪುತ್ತದೆ. ಒಬ್ಬರು ಎದ್ದರೆ ಸಾಮಾನ್ಯವಾಗಿ ಸಾಲು ಹತ್ತುತ್ತದೆ.

ಮೊದಲ ಸಲದ ಗುಂಪಾದರೆ ಒಂದು ಊರುಗೋಲು ಇಟ್ಟುಕೊಳ್ಳಿ: ಪಕ್ಕದವರ ಜೊತೆ ಎರಡು ನಿಮಿಷ ಮಾತು, ಆಮೇಲೆ ಮೂರು ನಿಮಿಷ ಎಲ್ಲರೂ ಕೂತಲ್ಲೇ ಚೀಟಿಯಲ್ಲಿ ಬರೆಯುವುದು. ಎದ್ದು ನಿಂತು ಹೇಳಲು ಹಿಂಜರಿಯುವ ಹೆಣ್ಣುಮಕ್ಕಳು, ಹೊಸಬರು ಬರೆದು ಕೊಡಲು ಹಿಂಜರಿಯುವುದಿಲ್ಲ. ‘ಮೊದಲೇ ಇಬ್ಬರಿಗೆ ಹೇಳಿ ವಿಷಯ ತಯಾರು ಮಾಡಿಸಿರಲೇ?’ ಎಂದು ಕೆಲವರು ಕೇಳಿದ್ದಾರೆ. ಒಂದು, ಹೆಚ್ಚೆಂದರೆ ಎರಡು. ಅದಕ್ಕಿಂತ ಹೆಚ್ಚು ಹೂತಿಟ್ಟರೆ ಜನಕ್ಕೆ ವಾಸನೆ ಬರುತ್ತದೆ.

ಹಾಕಿದ ವಿಷಯಕ್ಕೆ ಯಾರೂ ಬರದಿದ್ದರೆ? ಹದಿನೈದು ನಿಮಿಷ ಒಬ್ಬರೇ ಕೂತು ತಮಗೆ ತಿಳಿದದ್ದನ್ನು ಬರೆದಿಡಲಿ, ಆಮೇಲೆ ಬೇರೆ ಗುಂಪಿಗೆ ಹೋಗಲಿ. ಆ ಹಾಳೆಯೂ ವರದಿಗೆ ಸೇರಬೇಕು. ಈ ವಿಧಾನದ ಸೂತ್ರಗಳಲ್ಲಿ ‘ಬಂದವರೇ ಬರಬೇಕಾದವರು’ ಎಂಬುದೊಂದು. ಒಬ್ಬರೇ ಬಂದಿದ್ದರೂ ಅದೇ ಸೂತ್ರ.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಏಳು ಜನರ ತಂಡ. ವಾರಕ್ಕೊಂದು ಗಂಟೆಯ ಮೀಟಿಂಗ್. ಗೋಡೆ, ವೃತ್ತ ಎಲ್ಲ ನಮಗೆ ದೊಡ್ಡದಾಯಿತು. ಚಿಕ್ಕದೇನಾದರೂ ಇದೆಯೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಲೀನ್ ಕಾಫಿ ಮಾಡಿ. 2009ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಜಿಮ್ ಬೆನ್ಸನ್, ಜೆರೆಮಿ ಲೈಟ್‌ಸ್ಮಿತ್ ಎಂಬಿಬ್ಬರು ಶುರು ಮಾಡಿದ್ದು. ಐದರಿಂದ ಎಂಟು ಜನಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಮೇಜಿನ ಮೇಲೆ ಮೂರು ಸಾಲು: ಮಾತಾಡಬೇಕಾದ್ದು, ಮಾತಾಡುತ್ತಿರುವುದು, ಮುಗಿದದ್ದು. ಮೊದಲ ಐದು ನಿಮಿಷ ಎಲ್ಲರೂ ಮೌನವಾಗಿ ಚೀಟಿ ಬರೆಯುವುದು, ಚೀಟಿಗೊಂದೇ ವಿಷಯ. ಮುಂದಿನ ಐದು ನಿಮಿಷದಲ್ಲಿ ಪ್ರತಿ ಚೀಟಿಯನ್ನೂ ಒಂದು ವಾಕ್ಯದಲ್ಲಿ ಹೇಳುವುದು, ತಲೆಗೆ ಎರಡು ಚುಕ್ಕೆಯಂತೆ ಮತ ಹಾಕುವುದು. ಹೆಚ್ಚು ಚುಕ್ಕೆಯದನ್ನು ನಡುವಿನ ಸಾಲಿಗೆ ಎಳೆದು ಮೊಬೈಲಿನಲ್ಲಿ ಎಂಟು ನಿಮಿಷ ಇಡಿ. ಸದ್ದಾದಾಗ ಮಾತು ಅರ್ಧದಲ್ಲೇ ಇದ್ದರೂ ನಿಲ್ಲಿಸಿ ಎಲ್ಲರೂ ಹೆಬ್ಬೆರಳು ತೋರಿಸಬೇಕು: ಮೇಲಕ್ಕಿದ್ದರೆ ಮುಂದುವರಿಸೋಣ, ಕೆಳಕ್ಕಿದ್ದರೆ ಸಾಕು, ಅಡ್ಡಕ್ಕಿದ್ದರೆ ಎರಡೂ ಸರಿ. ಮುಂದುವರಿದರೆ ನಾಲ್ಕು ನಿಮಿಷ, ಮತ್ತೂ ಬೇಕೆಂದರೆ ಎರಡು. ಗಂಟೆಗೆ ನಾಲ್ಕೈದು ವಿಷಯ ಮುಗಿಯುತ್ತವೆ. ಕೊನೆಯ ಐದು ನಿಮಿಷ ಯಾರು ಏನು ಮಾಡಬೇಕು ಎಂಬುದಕ್ಕೆ.

ಕೆಡುವುದು ಎಲ್ಲಿ? ಮ್ಯಾನೇಜರ್ ಮೊದಲು ಚುಕ್ಕೆ ಇಟ್ಟರೆ ಉಳಿದ ಚುಕ್ಕೆಗಳೆಲ್ಲ ಅದರ ಹಿಂದೆಯೇ ಬರುತ್ತವೆ. ಅವರು ಕೊನೆಗೆ ಇಡಲಿ. ಹೆಬ್ಬೆರಳೂ ಹಾಗೆಯೇ: ಒಂದು, ಎರಡು, ಮೂರು ಎಂದು ಎಲ್ಲರೂ ಒಟ್ಟಿಗೆ ತೋರಿಸಬೇಕು. ಇನ್ನೊಂದು ಮಾತು. ಒಂದೇ ಚುಕ್ಕೆ ಬಿದ್ದ ಅದೇ ಚೀಟಿ ಮೂರು ವಾರ ಸತತವಾಗಿ ಮೊದಲ ಸಾಲಿನಲ್ಲೇ ಕೊಳೆಯುತ್ತಿದ್ದರೆ, ಬರೆದವರನ್ನು ಪಕ್ಕಕ್ಕೆ ಕರೆದು ಕೇಳಿ. ಕೆಲವು ಸಂಗತಿ ಒಬ್ಬರಿಗೆ ಮಾತ್ರ ಕಾಣುತ್ತಿರುತ್ತದೆ, ಮತಕ್ಕೆ ಹಾಕಿದರೆ ಎಂದೂ ಗೆಲ್ಲುವುದಿಲ್ಲ.

ಪ್ರಶ್ನೆ: ವರ್ಗಾವಣೆ ನೀತಿಯ ಬಗ್ಗೆ ಸಿಬ್ಬಂದಿಯ ಮುಕ್ತ ಚರ್ಚೆಗೆ ಈ ಕ್ರಮ ಬಳಸಿ ಎಂದು ಮೇಲಿನಿಂದ ಸೂಚನೆ ಬಂದಿದೆ. ನೀತಿ ಆಗಲೇ ತೀರ್ಮಾನವಾಗಿದೆ ಎಂದು ಎಲ್ಲರಿಗೂ ಗೊತ್ತು. ನಡೆಸಿಕೊಡುವ ಜವಾಬ್ದಾರಿ ನನ್ನ ಮೇಲಿದೆ.
— ಹೆಸರು ಬೇಡ, ಕಲಬುರಗಿ ವಿಭಾಗ

ಉತ್ತರ: ಆ ವಿಷಯಕ್ಕೆ ನಡೆಸಬೇಡಿ. ಈ ವಿಧಾನ ಕೆಲಸ ಮಾಡುವುದು ಉತ್ತರ ಯಾರಿಗೂ ಗೊತ್ತಿಲ್ಲದಾಗ, ಹಲವು ಬಗೆಯ ಜನ ಸೇರಿದಾಗ, ವಿಷಯ ಬಿಸಿಯಾಗಿದ್ದು ಬೇಗ ಏನಾದರೂ ಆಗಲೇಬೇಕಾದಾಗ. ತೀರ್ಮಾನ ಜೇಬಿನಲ್ಲಿಟ್ಟುಕೊಂಡು ಅಭಿಪ್ರಾಯ ಕೇಳಿದರೆ ಸಂಜೆಯ ಹೊತ್ತಿಗೆ ಜನಕ್ಕೆ ಗೊತ್ತಾಗುತ್ತದೆ, ಮುಂದಿನ ಸಲ ನಿಜವಾಗಿ ಕೇಳಿದರೂ ಬಾಯಿ ಬಿಡುವುದಿಲ್ಲ.

ಸಂಬಂಧಪಟ್ಟ ಅಧಿಕಾರಿಯ ಹತ್ತಿರ ಒಂದು ಪ್ರಶ್ನೆ ಇಡಿ: ‘ಇದರಲ್ಲಿ ಇನ್ನೂ ಬದಲಾಯಿಸಬಹುದಾದ್ದು ಯಾವುದು?’ ನೀತಿ ಗಟ್ಟಿಯಾದರೂ ಅದನ್ನು ಜಾರಿ ಮಾಡುವ ರೀತಿ, ದಿನಾಂಕ, ಮಕ್ಕಳ ಶಾಲೆಯ ವರ್ಷದ ನಡುವೆ ಬರುವ ತೊಂದರೆ, ಇಂಥವು ತೆರೆದಿರಬಹುದು. ತೆರೆದಿರುವುದರ ಬಗ್ಗೆ ಮಾತ್ರ ಸಭೆ ಕರೆಯಿರಿ, ಮುಚ್ಚಿರುವುದನ್ನು ಆಮಂತ್ರಣದಲ್ಲೇ ಬಿಡಿಸಿ ಬರೆಯಿರಿ. ಅಧಿಕಾರಿ ಬೆಳಿಗ್ಗೆ ಐದು ನಿಮಿಷ ಬಂದು ‘ಇಂಥದ್ದರ ಬಗ್ಗೆ ನನಗೆ ಉತ್ತರ ಗೊತ್ತಿಲ್ಲ, ನಿಮ್ಮಿಂದ ಬೇಕು’ ಎಂದು ಹೇಳಿ ಹೊರಡಲಿ, ಕೊನೆಯ ವೃತ್ತಕ್ಕೆ ಮತ್ತೆ ಬರಲಿ. ಗುಂಪಿನಿಂದ ಗುಂಪಿಗೆ ಡೈರಿ ಹಿಡಿದು ಅಡ್ಡಾಡುವುದು ಬೇಡ. ತೆರೆದದ್ದು ಏನೂ ಇಲ್ಲ ಎಂಬ ಉತ್ತರ ಬಂದರೆ, ಮಾಮೂಲಿ ಮಾಹಿತಿ ಸಭೆ ಕರೆದು ನೀತಿ ಓದಿ ಹೇಳುವುದೇ ಪ್ರಾಮಾಣಿಕ.

ಪ್ರಶ್ನೆ: ಸ್ತ್ರೀಶಕ್ತಿ ಗುಂಪುಗಳ ವಾರದ ಸಭೆಗೆ ಅಜೆಂಡಾ ತೆಗೆದುಬಿಡಬಹುದೇ?
— ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತೆ, ತುಮಕೂರು ಜಿಲ್ಲೆ

ಉತ್ತರ: ಬೇಡ. ನಿಯಮಿತ ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಲೆಕ್ಕಪತ್ರ ಎಂಬ ಪಂಚಸೂತ್ರದ ಮೇಲೆ ಗುಂಪು ನಿಂತಿದೆ, ಬ್ಯಾಂಕು ನೋಡುವುದೂ ಅದನ್ನೇ. ದುಡ್ಡಿನ ಭಾಗ ಮೊದಲು ಮುಗಿಯಲಿ, ಪುಸ್ತಕ ಬರೆದು ಸಹಿಯಾಗಲಿ. ಆಮೇಲೆ ಅರ್ಧ ಗಂಟೆ ತೆರೆದಿಡಿ. ಓದು ಬರಹ ಬಾರದವರಿದ್ದರೆ ಚೀಟಿ ಬದಲು ಹುಣಸೆಬೀಜ: ತಲೆಗೆ ಎರಡು ಬೀಜ. ವಿಷಯಕ್ಕೊಂದು ವಸ್ತು, ಅಂದರೆ ನೀರಿಗೆ ಲೋಟ, ಶಾಲೆಗೆ ಸ್ಲೇಟು, ರೇಷನ್ನಿಗೆ ಅಕ್ಕಿ ಅಳೆಯುವ ಪಾವು ಇಟ್ಟು ಅದರ ಮುಂದೆ ಬೀಜ ಹಾಕಿಸಿ. ನೋಂದಾಯಿತ ಸಂಘಗಳ ವಾರ್ಷಿಕ ಮಹಾಸಭೆ, ಗ್ರಾಮಸಭೆಗಳಿಗೂ ಇದೇ ಮಾತು: ನೋಟಿಸು, ಕೋರಂ, ನಡಾವಳಿ ಬೇಕಾದ ಕಡೆ ಅವನ್ನು ಬಿಡುವಂತಿಲ್ಲ. ಹಿಂದಿನ ದಿನ ಮುಕ್ತವಾಗಿ ಮಾತಾಡಿ, ಠರಾವು ಮಾತ್ರ ಕ್ರಮಬದ್ಧ ಸಭೆಯಲ್ಲಿ ಮಾಡಿ.

ಪ್ರಶ್ನೆ: ಮರೆವಿನ ಕಾಯಿಲೆಯ ತಂದೆ ತಾಯಿಯನ್ನು ನೋಡಿಕೊಳ್ಳುವವರು ಹತ್ತು ಜನ ತಿಂಗಳಿಗೊಮ್ಮೆ ಸೇರುತ್ತೇವೆ. ನಮ್ಮಲ್ಲಿ ತಜ್ಞರಿಲ್ಲ. ಬಂದವರೆಲ್ಲ ಸಲಹೆ ಕೊಡಲು ಶುರು ಮಾಡುತ್ತಾರೆ; ಕಷ್ಟ ಹೇಳಿಕೊಂಡವರು ಮುಂದಿನ ಸಲ ಬರುವುದಿಲ್ಲ.
— ಮಂಗಳೂರು

ಉತ್ತರ: ಇಲ್ಲಿ ಗೋಡೆ, ಟಿಕೆಟ್ ಬೇಡ, ಸುತ್ತು ಬೇಕು. ತೊಂಬತ್ತು ನಿಮಿಷ. ಮೊದಲು ಒಬ್ಬರಿಗೆ ಎರಡು ನಿಮಿಷದಂತೆ ಎಲ್ಲರೂ ‘ಈ ತಿಂಗಳು ಹೇಗಿತ್ತು’ ಹೇಳುವುದು, ನಡುವೆ ಯಾರೂ ಬಾಯಿ ಹಾಕಬಾರದು. ‘ಈ ಸಲ ನನ್ನನ್ನು ಬಿಟ್ಟುಬಿಡಿ’ ಎನ್ನುವ ಹಕ್ಕು ಎಲ್ಲರಿಗೂ ಉಂಟು. ಆಮೇಲೆ ಹೊತ್ತು ಬೇಕಾದವರು ಇಬ್ಬರೋ ಮೂವರೋ, ಒಬ್ಬೊಬ್ಬರಿಗೆ ಹದಿನೈದು ನಿಮಿಷ. ಅವರು ಮಾತು ಶುರು ಮಾಡುವ ಮುಂಚೆಯೇ ಒಂದು ಹೇಳಬೇಕು: ‘ಕೇಳಿದರೆ ಸಾಕು’ ಅಥವಾ ‘ದಾರಿ ಹೇಳಿ’. ಈ ಒಂದು ವಾಕ್ಯದಿಂದ ಅರ್ಧ ಸಮಸ್ಯೆ ಹೋಗುತ್ತದೆ. ದಾರಿ ಹೇಳುವಾಗಲೂ ‘ನೀವು ಹೀಗೆ ಮಾಡಬೇಕು’ ಬೇಡ, ‘ನಮ್ಮಲ್ಲಿ ಹೀಗೆ ಮಾಡಿದೆವು’ ಎಂದಿರಲಿ. ಔಷಧಿಯ ಹೆಸರು, ಪ್ರಮಾಣ ಯಾರೂ ಹೇಳಬಾರದು.

ನಡೆಸುವವರು ತಿಂಗಳಿಗೊಬ್ಬರು ಬದಲಾಗಲಿ. ಕೇಳಿದ್ದು ಮನೆಗೂ ವಾಟ್ಸಾಪಿಗೂ ಹೋಗದಿರಲಿ. ಯಾರಾದರೂ ಬದುಕು ಸಾಕೆಂಬ ಮಾತಾಡಿದರೆ ಸುತ್ತನ್ನು ನಿಲ್ಲಿಸಿ, ಒಬ್ಬರು ಅವರ ಜೊತೆಯಲ್ಲೇ ಉಳಿಯಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಸಿಗುತ್ತದೆ.

ಪ್ರಶ್ನೆ: ಇಲ್ಲಿನ ಕನ್ನಡಿಗರು, ಊರಿನವರು, ಅಮೆರಿಕದವರು ಸೇರಿ ಆನ್‌ಲೈನಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಬಗ್ಗೆ ಮಾತಾಡಬೇಕೆಂದಿದ್ದೇವೆ. ಇದೇ ಕ್ರಮ ಆಗುತ್ತದೆಯೇ?
— ಲಂಡನ್

ಉತ್ತರ: ಆಗುತ್ತದೆ, ಎರಡೂವರೆ ಗಂಟೆ ಮೀರದಿದ್ದರೆ. ಭಾರತದ ರಾತ್ರಿ 8ಕ್ಕೆ ಇಟ್ಟರೆ ಬೇಸಿಗೆಯಲ್ಲಿ ನಿಮಗೆ ಮಧ್ಯಾಹ್ನ 3.30, ನ್ಯೂಯಾರ್ಕಿನವರಿಗೆ ಬೆಳಿಗ್ಗೆ 10.30, ಕ್ಯಾಲಿಫೋರ್ನಿಯಾದವರಿಗೆ 7.30. ಚಳಿಗಾಲದಲ್ಲಿ ಮೂವರಿಗೂ ಒಂದು ಗಂಟೆ ಮುಂಚೆ. ಗಡಿಯಾರ ತಿರುಗಿಸುವ ದಿನ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಒಂದೇ ಅಲ್ಲ. ಮಾರ್ಚಿನಲ್ಲಿ, ಅಕ್ಟೋಬರ್ ಕೊನೆಯಲ್ಲಿ ಇಡುವುದಾದರೆ ಎರಡೆರಡು ಸಲ ನೋಡಿಕೊಳ್ಳಿ.

ಗೋಡೆಗೆ ಬದಲು ಎಲ್ಲರೂ ತಿದ್ದಬಹುದಾದ ಒಂದು ಆನ್‌ಲೈನ್ ಶೀಟ್: ಅಡ್ಡಕ್ಕೆ ಹೊತ್ತು, ಉದ್ದಕ್ಕೆ ಕೊಠಡಿ. ಝೂಮ್‌ನಲ್ಲಿ ಬ್ರೇಕ್‌ಔಟ್ ಕೊಠಡಿ ತೆರೆಯುವಾಗ ‘ಭಾಗವಹಿಸುವವರೇ ಕೊಠಡಿ ಆರಿಸಿಕೊಳ್ಳಲಿ’ ಎಂಬ ಆಯ್ಕೆಗೆ ಟಿಕ್ ಹಾಕಬೇಕು. ಇದು ತಪ್ಪಿದರೆ ಎರಡು ಕಾಲಿನ ನಿಯಮಕ್ಕೆ ಕಾಲೇ ಇಲ್ಲದಂತಾಗುತ್ತದೆ. ಪ್ರತಿಯೊಬ್ಬರನ್ನೂ ಹೋಸ್ಟ್ ಎತ್ತಿ ಎತ್ತಿ ಹಾಕುತ್ತ ಕೂರಬೇಕು. ಸುತ್ತು ಮೂವತ್ತೈದು ನಿಮಿಷ ಸಾಕು. ಒಬ್ಬರು ಸಭೆ ಪೂರ್ತಿ ಮುಖ್ಯ ಕೊಠಡಿ ಬಿಡದೆ ಕೂತಿರಲಿ, ಲೈನ್ ಕಡಿದು ಮತ್ತೆ ಬಂದವರು ಮೊದಲು ತಲುಪುವುದು ಅಲ್ಲಿಗೇ.

ಪ್ರಶ್ನೆ: ಚರ್ಚೆ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು. ಆಮೇಲೆ ಏನೂ ಆಗಲಿಲ್ಲ.
— ಸಾವಯವ ಕೃಷಿಕರ ಬಳಗ, ಹಾವೇರಿ ಜಿಲ್ಲೆ

ಉತ್ತರ: ವರದಿ ಹಾಳೆ ಹಂಚಿರಲಿಲ್ಲ ಅನಿಸುತ್ತದೆ. ಪ್ರತಿ ಗುಂಪಿಗೂ ಒಂದು ಎ4 ಹಾಳೆ, ಅದರಲ್ಲಿ ಐದು ಸಾಲು ಮೊದಲೇ ಬರೆದಿರಲಿ: ವಿಷಯ, ಇದ್ದವರು, ಮುಖ್ಯ ಮಾತು, ಒಪ್ಪದ ಮಾತು, ಮುಂದೆ ಯಾರು ಏನು ಯಾವಾಗ. ವಿಷಯ ಹಾಕಿದವರೇ ಬರೆಯಬೇಕೆಂದಿಲ್ಲ, ಬರೆಸುವ ಹೊಣೆ ಅವರದು. ಗುಂಪು ಏಳುವ ಮುಂಚೆ ಐದು ನಿಮಿಷದ ಗಂಟೆ ಹೊಡೆಯಿರಿ, ಅದು ಬರೆಯುವ ಗಂಟೆ. ಮುಗಿದ ಹಾಳೆಯನ್ನು ಗೋಡೆಗೆ ಹಚ್ಚಿ, ಮೊಬೈಲಿನಲ್ಲಿ ಫೋಟೋ ತೆಗೆದು, ಅದೇ ಸಂಜೆ ಒಂದೇ ಪಿಡಿಎಫ್ ಮಾಡಿ ಎಲ್ಲರಿಗೂ ಕಳಿಸಿ. ಮರುದಿನಕ್ಕೆ ಬಿಟ್ಟರೆ ಮರುವಾರವಾಗುತ್ತದೆ.

ಕೊನೆಯ ಸುತ್ತಿನಲ್ಲಿ ಹಾಳೆಗಳಿಗೆ ಚುಕ್ಕೆ ಮತ, ತಲೆಗೆ ಮೂರು. ಸ್ಟೇಷನರಿ ಅಂಗಡಿಯ ಬಣ್ಣದ ಚುಕ್ಕೆಗಿಂತ ಸ್ಟಿಕ್ಕರ್ ಬೊಟ್ಟಿನ ಪ್ಯಾಕೆಟ್ ಅಗ್ಗ, ಹಾವೇರಿಯಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ. ಮೇಲೆ ಬಂದ ಮೂರು ವಿಷಯದ ಹಾಳೆ ಹಿಡಿದು ‘ಇದನ್ನು ಯಾರು ಎತ್ತಿಕೊಳ್ಳುತ್ತೀರಿ?’ ಎಂದು ಕೇಳಿ. ಯಾರೂ ಎತ್ತಿಕೊಳ್ಳದಿದ್ದರೆ ಅದನ್ನು ಕೆಳಗಿಟ್ಟು ನಾಲ್ಕನೆಯದಕ್ಕೆ ಹೋಗಿ. ಮೂವತ್ತು ಬೊಟ್ಟು ಬಿದ್ದು ಒಬ್ಬರೂ ಕೈ ಎತ್ತದ ವಿಷಯಕ್ಕಿಂತ ನಾಲ್ಕೇ ಬೊಟ್ಟು ಬಿದ್ದು ಇಬ್ಬರು ಕೈ ಎತ್ತಿದ ವಿಷಯ ನಡೆಯುತ್ತದೆ. ‘ಸಮಿತಿ ರಚಿಸೋಣ’ ಎಂಬ ಮಾತು ಬಂದರೆ ಒಬ್ಬರ ಹೆಸರು, ಒಂದು ತಾರೀಕು ಕೇಳಿ. ಎರಡೂ ಸಿಗದಿದ್ದರೆ ಸಮಿತಿಯೂ ಬೇಡ.

ಪ್ರಶ್ನೆ: ಅಂಟುಚೀಟಿ ನಿಲ್ಲುವುದೇ ಇಲ್ಲ, ಫ್ಯಾನ್ ಹಾಕಿದರೆ ವಿಷಯಗಳೆಲ್ಲ ನೆಲದ ಮೇಲೆ.
— ಉಡುಪಿ

ಉತ್ತರ: ಚೀಟಿಯನ್ನು ಕೆಳಗಿನಿಂದ ಮೇಲಕ್ಕೆ ಎಳೆದು ಕೀಳುತ್ತಿದ್ದೀರಿ. ಹಾಗೆ ಕಿತ್ತರೆ ಅಂಟಿನ ಭಾಗ ಸುರುಳಿಯಾಗಿ ಗಾಳಿಗೆ ಬಾಯಿ ಬಿಡುತ್ತದೆ. ಕಟ್ಟನ್ನು ಗಟ್ಟಿಯಾಗಿ ಹಿಡಿದು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಎಳೆಯಿರಿ, ಚಪ್ಪಟೆಯಾಗಿ ಬರುತ್ತದೆ. ಸುಣ್ಣ ಅಥವಾ ಡಿಸ್ಟೆಂಪರ್ ಬಳಿದ ಗೋಡೆಯ ಪುಡಿ ಅಂಟನ್ನು ತಿಂದುಹಾಕುವುದರಿಂದ ಗೋಡೆಗೆ ನೇರ ಹಚ್ಚದೆ ಮೊದಲು ಡ್ರಾಯಿಂಗ್ ಶೀಟ್ ಕಟ್ಟಿ. ಮಳೆಗಾಲದ ನಿಮ್ಮ ಊರಿನಲ್ಲಿ ಅದೂ ನೆಚ್ಚಬೇಡಿ. ಎರಡು ಕಿಟಕಿಯ ನಡುವೆ ಹಗ್ಗ ಬಿಗಿದು ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಹಾಳೆ ಸಿಕ್ಕಿಸಿ. ಫ್ಯಾನ್ ಹಾಕಿಕೊಳ್ಳಬಹುದು.